ಕುಮ್ಕಿ ಗುಡ್ಡೆಯಿಂದ ಜಾನ್ ಲಾಕ್‌ವರೆಗೆ: ವಸಾಹತುಶಾಹಿಯ ಬಗ್ಗೆ ಓದಿ ಚರ್ಚಿಸುವ ಕ್ರಮ

ಯಕ್ಷಗಾನದ ಪದ್ಯಗಳಿಗೆ ಕೂತಲ್ಲೇ ಮಾತಿನಲ್ಲಿ ಅರ್ಥ ಹೇಳಿ ವಾದಿಸುವ ತಾಳಮದ್ದಳೆ ಕೇಳಿ ಬೆಳೆದ ಊರಿನವರಿಗೆ ವಾದ ಮಾಡುವುದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆದರೂ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ನಾಲ್ಕು ಜನ ಸೇರಿದಲ್ಲಿ ‘ಬ್ರಿಟಿಷರಿಂದ ನಮಗೆ ಆದದ್ದೇನು’ ಎಂಬ ಮಾತು ಎದ್ದರೆ ಹತ್ತು ನಿಮಿಷದಲ್ಲಿ ಚರ್ಚೆ ಕೆಡುತ್ತದೆ. ಒಬ್ಬರು ರೈಲು ಎನ್ನುತ್ತಾರೆ, ಇನ್ನೊಬ್ಬರು ಲೂಟಿ ಎನ್ನುತ್ತಾರೆ, ಮೂರನೆಯವರು ಮೊಬೈಲು ತೆಗೆದು ಬ್ರಿಟಿಷ್ ಅಧಿಕಾರಿ ಮೆಕಾಲೆಯದೆನ್ನಲಾದ ಒಂದು ಮಾತು ಓದುತ್ತಾರೆ. ಪ್ರಶ್ನೆ ತೀರ ದೊಡ್ಡದಾಗಿರುವುದು, ಮೂಲವನ್ನು ಯಾರೂ ಓದದಿರುವುದು, ಇವೆರಡೇ ಇದಕ್ಕೆ ಕಾರಣ. ಎರಡಕ್ಕೂ ಪರಿಹಾರವಿದೆ. ಕಾಸರಗೋಡಿನ ಯಾವುದೇ ಊರಿನ ವಾಚನಾಲಯದಲ್ಲಿ ಆರರಿಂದ ಒಂಬತ್ತು ಜನ ಸೇರಿ, ವಾರಕ್ಕೊಮ್ಮೆ ಎರಡು ಗಂಟೆಯಂತೆ ಹತ್ತು ವಾರದಲ್ಲಿ ಮುಗಿಸಬಹುದಾದ ಕ್ರಮ ಇದು. ಒಂಬತ್ತು ದಾಟಿದರೆ ಇಬ್ಬರು ಮೂವರು ಬರೇ ಕೇಳುಗರಾಗುತ್ತಾರೆ. ಐದಕ್ಕಿಂತ ಕಡಿಮೆಯಾದರೆ ಒಬ್ಬರು ತಪ್ಪಿದ ವಾರ ಎದುರುಪಕ್ಷವೇ ಇರುವುದಿಲ್ಲ.

ಮೊದಲು ಪ್ರಶ್ನೆಯನ್ನು ಸಣ್ಣದು ಮಾಡಿ

‘ವಸಾಹತುಶಾಹಿ ಒಳ್ಳೆಯದೋ ಕೆಟ್ಟದೋ’ ಎನ್ನುವುದು ಚರ್ಚೆಗೆ ಒದಗುವ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ಕೊಡುವವರು ತಮ್ಮ ಸಿಟ್ಟನ್ನೋ ಅಭಿಮಾನವನ್ನೋ ತೋಡಿಕೊಳ್ಳುತ್ತಾರೆ, ಅಷ್ಟೆ. ಪ್ರಶ್ನೆಯಲ್ಲಿ ನಾಲ್ಕು ಸಂಗತಿ ಇರಲೇಬೇಕು: ಒಂದು ಕಾನೂನು ಅಥವಾ ಪದ್ಧತಿ, ಒಂದು ಕಾಲ, ಒಂದು ಜಾಗ, ಲಾಭ ಅಥವಾ ನಷ್ಟ ಆದ ಒಂದು ವರ್ಗದ ಜನ. ಹೀಗೆ ಕಟ್ಟಿ ನೋಡಿ: ‘ರೈತರಿಂದ ನೇರವಾಗಿ ಕಂದಾಯ ಎತ್ತುವ ರೈತವಾರಿ ಪದ್ಧತಿಯಿಂದ 19ನೇ ಶತಮಾನದ ದಕ್ಷಿಣ ಕನ್ನಡದಲ್ಲಿ ಕಾಯಂ ಹಕ್ಕಿಲ್ಲದ ಚಾಲಗೇಣಿ ಒಕ್ಕಲಿನ ಸ್ಥಿತಿ ಕೆಟ್ಟಿತೇ?’ ‘1870ರಲ್ಲಿ ದಂಡಸಂಹಿತೆಗೆ ಸೇರಿಸಿದ ರಾಜದ್ರೋಹದ 124ಎ ಕಲಮು 2024ರ ತನಕ ಪುಸ್ತಕದಲ್ಲಿ ಉಳಿದದ್ದಕ್ಕೆ ಹೊಣೆ ಹಾಕಿದವರದೋ, ಇಟ್ಟುಕೊಂಡವರದೋ?’ ಎರಡನೆಯದು ಬಹಳ ಒಳ್ಳೆಯ ಪ್ರಶ್ನೆ. ಪರಂಪರೆ ಎಂದರೆ ಬಿಟ್ಟುಹೋದವರ ಕೆಲಸ ಮಾತ್ರವಲ್ಲ, ಉಳಿಸಿಕೊಂಡವರ ಆಯ್ಕೆಯೂ ಹೌದು ಎನ್ನುವುದು ಅದರಲ್ಲಿ ತಾನಾಗಿ ಎದ್ದುಬರುತ್ತದೆ.

ಮೊದಲ ವಾರ ಪುಸ್ತಕ ತೆರೆಯುವುದೇ ಬೇಡ. ಎಲ್ಲರೂ ಒಂದೊಂದು ಪ್ರಶ್ನೆ ಬರೆದು ತರಲಿ, ನಾಲ್ಕು ಸಂಗತಿಗಳಲ್ಲಿ ಯಾವುದು ಇಲ್ಲವೋ ಅದನ್ನು ಉಳಿದವರು ಕೇಳಲಿ. ಎರಡು ಗಂಟೆಯಲ್ಲಿ ಮೂರು ಪ್ರಶ್ನೆ ಗಟ್ಟಿಯಾದರೆ ಸಾಕು.

ಪದಗಳ ಲೆಕ್ಕ

ರಾಜಕೀಯ ತತ್ವಶಾಸ್ತ್ರವನ್ನು ಕನ್ನಡದಲ್ಲಿ ಓದುವಾಗ ಎಡವುವುದು ಹೆಚ್ಚಾಗಿ ವಿಚಾರದಲ್ಲಲ್ಲ, ಪದದಲ್ಲಿ. ‘ವಸಾಹತು’ ಎಂದರೆ ಜನ ಬಂದು ನೆಲೆಸಿದ ಜಾಗ. ಆಸ್ಟ್ರೇಲಿಯಕ್ಕೆ ಅದು ಸರಿಹೊಂದುತ್ತದೆ. ಈಸ್ಟ್ ಇಂಡಿಯಾ ಕಂಪೆನಿಯವರು ಇಲ್ಲಿಗೆ ನೆಲೆಸಲು ಬಂದವರಲ್ಲ, ಕಂದಾಯ ಎತ್ತಿ ಹೋದವರು. ನಮ್ಮ ನೆರೆಯ ಮಲಯಾಳದಲ್ಲಿ ‘ಅಧಿನಿವೇಶ’ ಎಂಬ ಮಾತಿದೆ, ಅದರಲ್ಲಿ ಆಕ್ರಮಿಸಿ ಕೂತ ಭಾವ ಹೆಚ್ಚು. ಎರಡೂ ಭಾಷೆ ಬಲ್ಲವರು ಈ ವ್ಯತ್ಯಾಸವನ್ನು ಬಳಸಿಕೊಳ್ಳಬೇಕು. ಇನ್ನು ‘ಕಾಲನಿ’ ಎಂದರೆ ಕೇರಳದಲ್ಲಿ ಬಹುಕಾಲ ಪರಿಶಿಷ್ಟ ಜಾತಿ, ಪಂಗಡದವರ ವಸತಿ ಎಂದೇ ಅರ್ಥವಾಗಿತ್ತು. ಆ ಹೆಸರು ಅವಮಾನಕರ ಎಂದು ರಾಜ್ಯ ಸರಕಾರ 2024ರ ಜೂನ್‌ನಲ್ಲಿ ಅದನ್ನು ಕೈಬಿಡಲು ಆದೇಶಿಸಿತು. ಒಂದೇ ಪದ ಸಾಮ್ರಾಜ್ಯದ ಭೂಪಟದಿಂದ ಇಳಿದು ಊರಿನ ಅಂಚಿನ ಕೇರಿಗೆ ಹೇಗೆ ಅಂಟಿಕೊಂಡಿತು ಎನ್ನುವುದೇ ಅರ್ಧ ಗಂಟೆಯ ಚರ್ಚೆ.

ಗಾಂಧಿಯವರ ‘ಹಿಂದ್ ಸ್ವರಾಜ್’ ಓದುವಾಗಲೂ ಇದೇ ಎಚ್ಚರ ಬೇಕು. ‘ನಾಗರಿಕತೆ’ ಎಂದು ನಾವು ಓದುವ ಕಡೆ ಗುಜರಾತಿಯಲ್ಲಿ ಅವರು ಬಳಸಿದ ಪದ ‘ಸುಧಾರೋ’. ನಮ್ಮ ‘ಸುಧಾರಣೆ’ಗೆ ಅದು ತೀರ ಹತ್ತಿರ. ‘ನಾಗರಿಕತೆ ಒಂದು ರೋಗ’ ಎಂದರೆ ವಿಚಿತ್ರವಾಗಿ ಕೇಳುತ್ತದೆ. ‘ಇವರು ಸುಧಾರಣೆ ಎನ್ನುವುದು ಸುಧಾರಣೆಯೇ ಅಲ್ಲ’ ಎಂದು ಓದಿಕೊಂಡರೆ ವಾದ ಎಲ್ಲಿ ನಿಂತಿದೆಯೆಂದು ಕೂಡಲೇ ತಿಳಿಯುತ್ತದೆ.

ಒಂದು ನೂರು ಪುಟದ ನೋಟುಪುಸ್ತಕ ಬಳಗಕ್ಕೇ ಸಾಮಾನ್ಯವಾಗಿರಲಿ. ಎಡಗಡೆ ಪದ, ನಡುವೆ ಆ ಲೇಖಕ ಅದಕ್ಕೆ ಕೊಟ್ಟ ಅರ್ಥ, ಬಲಗಡೆ ನಮ್ಮ ಊರಿನ ಒಂದು ಉದಾಹರಣೆ. ಸೊತ್ತು, ಹಕ್ಕು, ಪ್ರಭುತ್ವ, ರಾಷ್ಟ್ರ, ಸ್ವಾತಂತ್ರ್ಯ, ಒಪ್ಪಿಗೆ ಎಂಬ ಆರು ಪದಗಳಿಂದ ಶುರುಮಾಡಿ. ‘ರಾಜ್ಯ’ ಎಂಬ ಪದವನ್ನು ಪ್ರಭುತ್ವಕ್ಕೂ ಕೇರಳ, ಕರ್ನಾಟಕಗಳಿಗೂ ಒಟ್ಟಿಗೆ ಬಳಸಬೇಡಿ. ಗಡಿನಾಡಿನಲ್ಲಿ ಈ ಗೊಂದಲ ಇಡೀ ಸಂಜೆಯನ್ನು ತಿಂದುಹಾಕುತ್ತದೆ.

ಯಾವುದನ್ನು ಯಾವ ಸರದಿಯಲ್ಲಿ

ಶುರುವಿಗೆ ‘ಹಿಂದ್ ಸ್ವರಾಜ್’. 1909ರ ನವೆಂಬರ್‌ನಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುವ ಹಡಗಿನಲ್ಲಿ ಹತ್ತು ದಿನದಲ್ಲಿ ಬರೆದದ್ದು, 20 ಸಣ್ಣ ಅಧ್ಯಾಯ, ಎಲ್ಲವೂ ಓದುಗ ಮತ್ತು ಸಂಪಾದಕರ ಸಂವಾದ. ಇಬ್ಬರು ಗಟ್ಟಿಯಾಗಿ ಓದಿದರೆ ಸಾಕು, ತಾಳಮದ್ದಳೆಯ ಅರ್ಥದಂತೆಯೇ ನಡೆಯುತ್ತದೆ. ವಾರಕ್ಕೆ ಹತ್ತು ಅಧ್ಯಾಯದಂತೆ ಎರಡು ವಾರ. ಇಲ್ಲಿ ಆಗುವ ತಪ್ಪೆಂದರೆ ರೈಲು, ವಕೀಲ, ವೈದ್ಯರ ಅಧ್ಯಾಯಗಳನ್ನು ಓದಿ ನಕ್ಕು ಪುಸ್ತಕ ಮುಚ್ಚುವುದು. ‘ಇಂಗ್ಲಿಷರು ಹಿಂದುಸ್ತಾನವನ್ನು ತೆಗೆದುಕೊಂಡದ್ದಲ್ಲ, ನಾವೇ ಕೊಟ್ಟದ್ದು’ ಎಂಬ ಮಾತಿಗೆ ಅವರು ಕೊಡುವ ಕಾರಣವನ್ನು ಮೊದಲು ಹುಡುಕಿ. ಉಳಿದ ಅಧ್ಯಾಯಗಳು ಆ ಕಂಬದ ಮೇಲೆಯೇ ನಿಂತಿವೆ.

ಅದರ ಬೆನ್ನಿಗೇ ಅಂಬೇಡ್ಕರ್. ಲಾಹೋರಿನ ಸಮ್ಮೇಳನಕ್ಕೆಂದು ಬರೆದು, ಸಂಘಟಕರು ಹಿಂಜರಿದದ್ದರಿಂದ ಮಾಡಲಾಗದೆ, 1936ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚುಹಾಕಿಸಿದ ‘ಜಾತಿ ವಿನಾಶ’ದ ಭಾಷಣ. ಇದನ್ನು ಬಿಟ್ಟು ವಸಾಹತುಶಾಹಿಯ ಚರ್ಚೆ ಮಾಡುವುದು ಒಂದು ಕಾಲಿನಲ್ಲಿ ನಿಂತಂತೆ. ಬ್ರಿಟಿಷರ ಮುಂಚೆ ಎಲ್ಲವೂ ಚೆನ್ನಾಗಿತ್ತು ಎನ್ನುವವರೂ ಬ್ರಿಟಿಷರು ಬಂದು ಉದ್ಧಾರ ಮಾಡಿದರು ಎನ್ನುವವರೂ ಇಲ್ಲಿ ಒಟ್ಟಿಗೆ ಉತ್ತರ ಕೊಡಬೇಕಾಗುತ್ತದೆ. ಅಂಬೇಡ್ಕರ್ 1930ರ ದುಂಡುಮೇಜಿನ ಪರಿಷತ್ತಿನಲ್ಲಿ ಬ್ರಿಟಿಷರ ಮುಖಕ್ಕೇ ಕೇಳಿದ್ದು ಇದನ್ನು: ನೀವು ಬರುವ ಮೊದಲು ನಮಗೆ ಬಾವಿಯ ನೀರು ಇರಲಿಲ್ಲ, ಈಗ ಇದೆಯೇ? ಗುಡಿಗೆ ಪ್ರವೇಶ ಇರಲಿಲ್ಲ, ಈಗ ಇದೆಯೇ? ಒಂದೂವರೆ ಶತಮಾನ ಕಳೆದರೂ ಗಾಯ ಹಾಗೇ ಇದೆ ಎಂದರು. ಇದು ಅವರ ಮಾತಿನ ಸಾರ. ಪೂರ್ಣಪಾಠವನ್ನು ತಂದು ಓದಿ.

ಆಮೇಲೆ ಇಂಗ್ಲೆಂಡಿನ ತತ್ವಜ್ಞಾನಿಗಳಾದ ಜಾನ್ ಲಾಕ್, ಜಾನ್ ಸ್ಟುವರ್ಟ್ ಮಿಲ್, ಕೊನೆಗೆ ವಸಾಹತುಶಾಹಿಯ ವಿರುದ್ಧ ಬರೆದ ಫ್ರಾಂಜ್ ಫ್ಯಾನನ್. ಫ್ಯಾನನ್‌ನ 1961ರ ಪುಸ್ತಕ ‘ದ ರೆಚೆಡ್ ಆಫ್ ದಿ ಅರ್ಥ್’ನಲ್ಲಿ ಎಲ್ಲರೂ ಹಿಂಸೆಯ ಮೊದಲ ಅಧ್ಯಾಯಕ್ಕೆ ಹಾರುತ್ತಾರೆ, ಅದಕ್ಕೂ ಮೊದಲು ಫ್ರೆಂಚ್ ತತ್ವಜ್ಞಾನಿ ಸಾರ್ತ್ರನ ಮುನ್ನುಡಿ ಓದುತ್ತಾರೆ. ಮುನ್ನುಡಿಯನ್ನು ಕೊನೆಗೆ ಇಡಿ, ಅದು ಫ್ಯಾನನ್‌ನನ್ನು ಅವನಿಗಿಂತ ಗಟ್ಟಿ ದನಿಯಲ್ಲಿ ಓದಿಸುತ್ತದೆ. ಮೊದಲ ಅಧ್ಯಾಯದ ಜತೆಗೆ, ಅಲ್ಜೀರಿಯದಲ್ಲಿ ಮನೋವೈದ್ಯನಾಗಿ ಅವನು ಕಂಡ ರೋಗಿಗಳ ಐದನೇ ಅಧ್ಯಾಯವನ್ನೂ ಓದಿದರೆ ಹಿಂಸೆಯ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು ಎನ್ನುವುದು ತಿಳಿಯುತ್ತದೆ. ಸ್ವಾತಂತ್ರ್ಯದ ನಂತರ ಅಧಿಕಾರಕ್ಕೆ ಬಂದ ಸ್ಥಳೀಯ ಮೇಲ್ವರ್ಗವನ್ನು ತರಾಟೆಗೆ ತೆಗೆದುಕೊಳ್ಳುವ ಮೂರನೇ ಅಧ್ಯಾಯ ನಮಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗದ್ದು.

ಲಾಕ್, ಮಿಲ್, ಫ್ಯಾನನ್‌ಗೆ ಒಂದು ಕೂಟಕ್ಕೆ ಎಂಟರಿಂದ ಹನ್ನೆರಡು ಪುಟ. ಇದಕ್ಕಿಂತ ಹೆಚ್ಚು ಇಟ್ಟರೆ ಯಾರೂ ಓದಿ ಬರುವುದಿಲ್ಲ, ಓದಿದವರ ಮಾತು ಉಪನ್ಯಾಸವಾಗುತ್ತದೆ. ಓದುವಾಗ ಪೆನ್ಸಿಲಿನಲ್ಲಿ ಅಂಚಿಗೆ ಮೂರೇ ಗುರುತು ಹಾಕಿ: ಲೇಖಕ ಎದುರಾಳಿಯ ಮಾತು ಹೇಳುತ್ತಿರುವಲ್ಲಿ ‘ಪೂ’ (ಪೂರ್ವಪಕ್ಷ), ತನ್ನ ಮಾತು ಹೇಳುವಲ್ಲಿ ‘ಸಿ’ (ಸಿದ್ಧಾಂತ), ಆಧಾರ ಕೊಡುವಲ್ಲಿ ‘ಆ’. ಪೂರ್ವಪಕ್ಷವನ್ನು ಲೇಖಕನ ಸಿದ್ಧಾಂತವೆಂದು ತಿಳಿದು ಜಗಳಾಡುವುದು ಹೊಸ ಓದುಗರ ಅತಿ ಸಾಮಾನ್ಯ ತಪ್ಪು. ‘ಆ’ ಇಲ್ಲದ ಪುಟ ಸಿಕ್ಕರೆ ಮಡಿಸಿಡಿ, ಚರ್ಚೆಗೆ ಅದೇ ಒಳ್ಳೆಯ ಬಾಗಿಲು.

ಲಾಕ್‌ನನ್ನು ಭೂಮಿಯ ಆಧಾರಪತ್ರ ಎದುರಿಟ್ಟು ಓದುವುದು

ಲಾಕ್‌ನ ‘ಸರಕಾರದ ಕುರಿತ ಎರಡನೇ ಪ್ರಬಂಧ’ 1689ರ ಕೊನೆಗೆ ಹೊರಬಂತು. ಪೂರ್ತಿ ಬೇಡ. ಸೊತ್ತಿನ ಬಗೆಗಿನ ಐದನೇ ಅಧ್ಯಾಯ, 25ರಿಂದ 51ರ ವರೆಗಿನ ಪರಿಚ್ಛೇದಗಳು ಸಾಕು. ಪ್ರತಿಗಳ ಪುಟ ಬೇರೆಬೇರೆ ಇರುತ್ತದೆ, ಪರಿಚ್ಛೇದದ ಸಂಖ್ಯೆ ಎಲ್ಲದರಲ್ಲೂ ಒಂದೇ. ಆದ್ದರಿಂದ ಯಾವಾಗಲೂ ಸಂಖ್ಯೆ ಹೇಳಿ.

27ರಲ್ಲಿ ಮುಖ್ಯ ಮಾತು ಬರುತ್ತದೆ. ನನ್ನ ದೇಹ ನನ್ನದು, ಅದರ ದುಡಿಮೆ ನನ್ನದು, ಆ ದುಡಿಮೆಯನ್ನು ಪ್ರಕೃತಿಯ ವಸ್ತುವಿಗೆ ಬೆರೆಸಿದರೆ ಆ ವಸ್ತುವೂ ನನ್ನದು. ಕೇಳಲು ಸಮಾಧಾನವಾಗುತ್ತದೆ, ಒಕ್ಕಲಿನ ಪರವಾಗಿಯೇ ಹೇಳಿದಂತಿದೆ. ಈಗ 28ಕ್ಕೆ ಬನ್ನಿ. ನನ್ನ ಕುದುರೆ ಮೇದ ಹುಲ್ಲು, ನನ್ನ ಆಳು ಕಡಿದ ಹೆಂಟೆ, ನಾನು ಅಗೆದ ಅದಿರು, ಮೂರೂ ನನ್ನ ಸೊತ್ತು ಎನ್ನುತ್ತಾನೆ. ನಡುವಿನದರಲ್ಲಿ ಬೆರಳಿಡಿ. ಆಳು ಕಡಿದದ್ದು ಆಳಿನದಾಗಬೇಕಿತ್ತಲ್ಲವೇ? ಒಂದೇ ಪುಟದೊಳಗೆ ದುಡಿದವನ ಹಕ್ಕು ದುಡಿಸಿದವನ ಹಕ್ಕಾಗಿದೆ, ಯಾಕೆಂದು ವಿವರಣೆಯಿಲ್ಲ. ಇಲ್ಲಿಂದ 42ಕ್ಕೆ ಹೋಗಿ. ಮೇಯಿಸದೆ, ಉಳದೆ, ನೆಡದೆ ಪ್ರಕೃತಿಗೇ ಬಿಟ್ಟ ನೆಲವನ್ನು ಪಾಳು ಎನ್ನುತ್ತಾರೆ, ಅದು ಪಾಳೇ ಸರಿ ಎಂದಿದ್ದಾನೆ.

ಈಗ ಮನೆಯಲ್ಲಿರುವ ಭೂಮಿಯ ಹಳೆಯ ಆಧಾರಪತ್ರವನ್ನೋ ಪಾಲುಪಟ್ಟಿಯನ್ನೋ ತೆರೆಯಿರಿ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ ಕಾಗದಗಳಲ್ಲಿ ವರ್ಗ (ಕಂದಾಯ ಲೆಕ್ಕದಲ್ಲಿ ದಾಖಲಾದ ಹಿಡುವಳಿ), ಕುಮ್ಕಿ, ಮೂಲಗೇಣಿ (ಕಾಯಂ ಗೇಣಿ), ಚಾಲಗೇಣಿ ಎಂಬ ಮಾತುಗಳು ಕಾಣುತ್ತವೆ. ಕುಮ್ಕಿ ಎಂದರೆ ಹಳೆಯ ವರ್ಗದ ಸಾಗುವಳಿ ಭೂಮಿಯಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ವರ್ಗದಾರನಿಗಿದ್ದ ಸವಲತ್ತು: ಸೊಪ್ಪು, ಸೌದೆ, ಮೇವು ತರಬಹುದು, ಮಾಲಕತ್ವ ಇಲ್ಲ. ಲಾಕ್‌ನ ಕಣ್ಣಿಗೆ ಆ ಗುಡ್ಡೆ ಪಾಳು. ಅಡಿಕೆ ತೋಟದ ಬುಡಕ್ಕೂ ಹಟ್ಟಿಯ ನೆಲಕ್ಕೂ ಅಲ್ಲಿಯ ಸೊಪ್ಪು ಬೀಳದಿದ್ದರೆ ತೋಟವೇ ಇಲ್ಲ ಎನ್ನುವುದು ಇಲ್ಲಿಯ ಮಕ್ಕಳಿಗೂ ಗೊತ್ತು. ಅದು ಉಳುಮೆಯಿಲ್ಲದ ನೆಲ, ಹಾಗೆಂದು ಬಳಕೆಯಿಲ್ಲದ ನೆಲವಲ್ಲ.

ಇಲ್ಲಿಗೇ ನಿಲ್ಲಿಸಿದರೆ ಚರ್ಚೆ ಸುಲಭವಾಗಿ ಮುಗಿಯುತ್ತದೆ, ತಪ್ಪಾಗಿಯೂ ಮುಗಿಯುತ್ತದೆ. ಮುಂದಿನ ಪ್ರಶ್ನೆಗಳನ್ನು ಕೇಳಲೇಬೇಕು. ಕುಮ್ಕಿ ಸಿಕ್ಕಿದ್ದು ವರ್ಗದಾರನಿಗೆ. ಅದೇ ಗುಡ್ಡೆಯಲ್ಲಿ ಕಾಡು ಕಡಿದು, ಸುಟ್ಟು, ಕುಮೇರಿ ಬೇಸಾಯ ಮಾಡುತ್ತಿದ್ದವರಿಗೆ ಏನಾಯಿತು? 19ನೇ ಶತಮಾನದ ನಡುವಿನಿಂದ ಕುಮೇರಿಗೆ ನಿರ್ಬಂಧ ಬಿತ್ತು, ಕಾಡು ಇಲಾಖೆಯದಾಯಿತು. ಭೂಮಿಯೇ ಇಲ್ಲದ ಕೊರಗರಿಗೆ ಈ ಲೆಕ್ಕದಲ್ಲಿ ಕಲಮೇ ಇಲ್ಲ. ಇನ್ನೊಂದು ಕಡೆ, 1799ರಲ್ಲಿ ಕಂಪೆನಿ ಕೆನರಾವನ್ನು (ಉತ್ತರ, ದಕ್ಷಿಣ ಕನ್ನಡ ಸೇರಿದ ಕರಾವಳಿ) ವಶಪಡಿಸಿಕೊಂಡಾಗ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ, ಇಲ್ಲಿಯ ಭೂಮಿ ಬಹುಪಾಲು ಖಾಸಗಿ ಸೊತ್ತು, ಇದು ಹಳೆಯ ಕಾಲದಿಂದ ಬಂದ ಹಕ್ಕು ಎಂದು ಮೇಲಿನವರಿಗೆ ಬರೆದ. ಹಾಗಾದರೆ ಸೊತ್ತಿನ ಕಲ್ಪನೆ ಇಂಗ್ಲೆಂಡಿನಿಂದ ಬಂತು ಎನ್ನುವ ವಾದ ಇಲ್ಲಿ ನಿಲ್ಲುವುದೇ? ಮೂಲಗೇಣಿಯವನಿಗೂ ಚಾಲಗೇಣಿಯವನಿಗೂ ಇದರಿಂದ ಆದದ್ದು ಒಂದೆಯೇ? ಈ ಒಂದು ಅಧ್ಯಾಯಕ್ಕೆ ಎರಡು ವಾರ ಕೊಡಿ.

ಕಾಗದ ಸಿಗದಿದ್ದರೆ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದ ಮೂರನೇ ಸಂಪುಟ ನೋಡಿ. 1801ರ ಆರಂಭದಲ್ಲಿ ಅವನು ಹೊಸದುರ್ಗ, ಬೇಕಲ, ಚಂದ್ರಗಿರಿ, ಕುಂಬಳೆ, ಮಂಜೇಶ್ವರದ ಹಾದಿಯಲ್ಲಿ ಮಂಗಳೂರಿಗೆ ಹೋದವನು, ಬೆಳೆ, ಗೇಣಿ, ಆಳುಗಳ ವಿವರ ಬರೆದಿಟ್ಟಿದ್ದಾನೆ. ಅವನನ್ನು ಕಳಿಸಿದ್ದು ಗವರ್ನರ್ ಜನರಲ್ ವೆಲ್ಲೆಸ್ಲಿ ಎನ್ನುವುದನ್ನು ಮರೆಯದೆ ಓದಬೇಕು: ಅವನ ಕಣ್ಣು ಎಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ, ಯಾರನ್ನು ಕೇಳಿ ಬರೆಯುತ್ತಾನೆ, ಯಾರನ್ನು ಕೇಳುವುದೇ ಇಲ್ಲ.

ಮಿಲ್: ಒಂದು ಪರಿಚ್ಛೇದ ಸಾಕು

1859ರ ‘ಸ್ವಾತಂತ್ರ್ಯದ ಕುರಿತು’ ಪುಸ್ತಕದ ಪೀಠಿಕೆಯಲ್ಲೇ, ತನ್ನ ತತ್ವ ಮಕ್ಕಳಿಗೆ ಅನ್ವಯಿಸುವುದಿಲ್ಲ, ಹಿಂದುಳಿದ ಸ್ಥಿತಿಯ ಸಮಾಜಗಳಿಗೂ ಇಲ್ಲ, ಅಂಥವರನ್ನು ಉದ್ಧರಿಸುವ ಉದ್ದೇಶವಿದ್ದರೆ ನಿರಂಕುಶ ಆಳ್ವಿಕೆ ನ್ಯಾಯವೇ ಎಂಬ ಮಾತಿದೆ. ಮಿಲ್ 1823ರಿಂದ 1858ರ ತನಕ ಲಂಡನ್ನಿನ ಈಸ್ಟ್ ಇಂಡಿಯಾ ಕಂಪೆನಿ ಕಚೇರಿಯಲ್ಲಿ ಕೆಲಸ ಮಾಡಿದವನು. ಕಂಪೆನಿಯ ಆಡಳಿತ ರದ್ದಾಗಬಾರದೆಂದು ಪಾರ್ಲಿಮೆಂಟಿಗೆ ಸಲ್ಲಿಸಿದ ಅರ್ಜಿಯ ಕರಡು ಅವನದೇ. ಇದನ್ನು ತಿಳಿದ ಕೂಡಲೇ ‘ಹಾಗಾದರೆ ಅವನ ಪುಸ್ತಕವೇ ಸುಳ್ಳು’ ಎನ್ನುವುದು ಸೋಮಾರಿ ತೀರ್ಮಾನ. ಕೇಳಬೇಕಾದ್ದು ಇದು: ಆ ಪರಿಚ್ಛೇದವನ್ನು ಕತ್ತರಿಸಿ ತೆಗೆದರೆ ಉಳಿದ ವಾದ ನಿಲ್ಲುತ್ತದೆಯೇ, ಕುಸಿಯುತ್ತದೆಯೇ? ಬಳಗದ ಅರ್ಧ ಜನ ನಿಲ್ಲುತ್ತದೆ ಎಂದೂ ಅರ್ಧ ಜನ ಕುಸಿಯುತ್ತದೆ ಎಂದೂ ಪುಟ ತೋರಿಸಿ ವಾದಿಸಲಿ. ಉದ್ಧಾರ ಆಯಿತೆಂದು ಯಾರು, ಯಾವಾಗ ತೀರ್ಮಾನಿಸುತ್ತಾರೆ ಎನ್ನುವುದಕ್ಕೆ ಮಿಲ್ ಒಪ್ಪುವಂಥ ಅಳತೆ ಕೊಟ್ಟಿದ್ದಾನೆಯೇ ಎಂದು ಹುಡುಕಿದರೆ ಚರ್ಚೆ ತಾನಾಗಿ ಆಳಕ್ಕಿಳಿಯುತ್ತದೆ.

ಚರ್ಚೆಯ ಕೂಟ

ಒಂದು ಪ್ರಶ್ನೆಗೆ 90 ನಿಮಿಷ. ಎರಡು ಪಕ್ಷಗಳಿಂದ ಮೂವರು ಮೂವರು, ಒಬ್ಬೊಬ್ಬರಿಗೆ ಆರು ನಿಮಿಷ, ಒಟ್ಟು 36. ನಂತರ ಪರಸ್ಪರ ಪ್ರಶ್ನೆಗೆ 20, ಪಕ್ಷ ಬದಲಿಸಿ ಮಾತಾಡಲು 20, ತಪ್ಪೊಪ್ಪುಗಳನ್ನು ಬರೆಯಲು 14. ನಡೆಸುವವರು ಭಾಗವತರಂತೆ ಇರಬೇಕು. ಅರ್ಥ ಉದ್ದವಾದಾಗ ಭಾಗವತರು ಮುಂದಿನ ಪದ್ಯ ಎತ್ತುವ ಹಾಗೆ, ಆರು ನಿಮಿಷ ಆದ ಕೂಡಲೇ ಮುಂದಿನವರ ಹೆಸರು ಕರೆಯಬೇಕು. ಹಿರಿಯರೆಂದು ಬಿಟ್ಟರೆ ಕೂಟ ಅವರದಾಗುತ್ತದೆ.

ಪಕ್ಷ ಬದಲಿಸುವ 20 ನಿಮಿಷವೇ ಇದರ ಜೀವ. ಇವತ್ತು ಕರ್ಣನಾಗಿ ಮಾತಾಡಿದವರು ನಾಳೆ ಕೃಷ್ಣನಾಗುವುದು ನಮಗೆ ಹೊಸತಲ್ಲ. ಎದುರಾಳಿಯ ಮಾತನ್ನು ಅವರು ‘ಹೌದು, ಇದೇ ನಾನು ಹೇಳಿದ್ದು’ ಎಂದು ಒಪ್ಪುವಷ್ಟು ಸರಿಯಾಗಿ ಹೇಳಿದ ಮೇಲೆಯೇ ಉತ್ತರ ಕೊಡುವ ಹಕ್ಕು. ಆದರೆ ತಾಳಮದ್ದಳೆಯಿಂದ ಒಂದನ್ನು ತರಬಾರದು: ಅಲ್ಲಿ ಪ್ರಸಂಗದ ಕೊನೆ ಮೊದಲೇ ಗೊತ್ತಿರುತ್ತದೆ, ಮಾತಿನ ಚಂದವೇ ಗೆಲುವು. ಇಲ್ಲಿ ಆಧಾರಕ್ಕೆ ಮಾತು ತಗ್ಗಬೇಕು. ಚಪ್ಪಾಳೆ ಬೇಡ.

ಭಾಷೆ ಮಿಶ್ರವಾಗಿರಲಿ. ತುಳು, ಮಲಯಾಳ, ಹವ್ಯಕ, ಬ್ಯಾರಿ, ಯಾವುದರಲ್ಲಿ ಯೋಚನೆ ಬರುತ್ತದೋ ಅದರಲ್ಲಿ ಆಡಲಿ. ಉದ್ಧರಣೆ ಮಾತ್ರ ಕನ್ನಡಕ್ಕೆ ತಿರುಗಿಸಿ ಹೇಳಬೇಕು. ತಿರುಗಿಸಲಾಗದ ವಾಕ್ಯವನ್ನು ಹೇಳಿದವರಿಗೇ ಅದು ಪೂರ್ತಿ ಅರ್ಥವಾಗಿಲ್ಲ.

ಸುಳ್ಳು ಉದ್ಧರಣೆ, ಅರೆಬೆಂದ ಅಂಕಿ

‘ಭಾರತದ ಉದ್ದಗಲ ತಿರುಗಿದೆ, ಒಬ್ಬ ಭಿಕ್ಷುಕ, ಒಬ್ಬ ಕಳ್ಳ ಕಾಣಲಿಲ್ಲ’ ಎಂಬ ಮಾತನ್ನು ಮೆಕಾಲೆ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಆಡಿದ ಎಂದು ಎಲ್ಲೆಡೆ ಹಂಚುತ್ತಾರೆ. ಅವನು 1834ರಲ್ಲೇ ಭಾರತಕ್ಕೆ ಬಂದಿದ್ದ, ಆ ದಿನ ಕಲ್ಕತ್ತದಲ್ಲಿದ್ದ. ಆ ದಿನಾಂಕ ಅವನ ಶಿಕ್ಷಣ ಟಿಪ್ಪಣಿಯದು. ಟಿಪ್ಪಣಿಯನ್ನೇ ಓದಿದರೆ ಸುಳ್ಳಿನ ಅಗತ್ಯವೇ ಬೀಳುವುದಿಲ್ಲ: ತನಗೆ ಸಂಸ್ಕೃತ, ಅರಬಿ ಬಾರದೆಂದು ಒಪ್ಪಿಕೊಂಡು, ಯುರೋಪಿನ ಒಳ್ಳೆಯ ಗ್ರಂಥಾಲಯದ ಒಂದು ಕಪಾಟು ಸಾಲು ಭಾರತ, ಅರೇಬಿಯಗಳ ಇಡೀ ಸಾಹಿತ್ಯಕ್ಕೆ ಸಮ ಎಂದವನು ಅವನೇ. ಯಾವ ಉದ್ಧರಣೆಗೂ ಮೂರು ಪ್ರಶ್ನೆ ಹಾಕಿ: ಯಾವ ಪುಸ್ತಕದ ಯಾವ ಪುಟ? ಆ ದಿನ ಆ ವ್ಯಕ್ತಿ ಅಲ್ಲಿದ್ದನೇ? ಹಿಂದುಮುಂದಿನ ವಾಕ್ಯ ಏನು?

ಅಂಕಿಯೂ ಹಾಗೆಯೇ. ಆರ್ಥಿಕ ಇತಿಹಾಸಕಾರ ಆಂಗಸ್ ಮ್ಯಾಡಿಸನ್‌ನ ಅಂದಾಜಿನಲ್ಲಿ ಜಗತ್ತಿನ ಉತ್ಪನ್ನದಲ್ಲಿ ಭಾರತದ ಪಾಲು 1700ರಲ್ಲಿ 24.4 ಶೇಕಡಾ, 1950ರಲ್ಲಿ 4.2. ಇದನ್ನು ‘ಅಷ್ಟೂ ಕದ್ದರು’ ಎಂದು ಓದಿದರೆ ಎದುರಿನವರು ಒಂದೇ ಮಾತಿನಲ್ಲಿ ಕೆಡಹುತ್ತಾರೆ: ಪಾಲು ಇಳಿದದ್ದರಲ್ಲಿ ಬೇರೆಯವರು ಬೆಳೆದದ್ದೂ ಸೇರಿದೆ. ‘ಬೇರೆಯವರು ಬೆಳೆಯುವಾಗ ನಾವೇಕೆ ಬೆಳೆಯಲಿಲ್ಲ’ ಎಂದು ಕೇಳಿದರೆ ಅದೇ ಅಂಕಿ ಗಟ್ಟಿ ನಿಲ್ಲುತ್ತದೆ. ರೈಲಿಗೂ ಇದೇ ಮಾತು. 1907ರಲ್ಲಿ ಮಂಗಳೂರಿಗೆ ರೈಲು ಮುಟ್ಟಿದ್ದು ನಿಜ. ರೈಲು ಕಂಪೆನಿಗಳಿಗೆ ಬಂಡವಾಳದ ಮೇಲೆ 5 ಶೇಕಡಾ ಲಾಭದ ಖಾತರಿಯನ್ನು ಭಾರತದ ಕಂದಾಯದಿಂದ ಕೊಟ್ಟದ್ದೂ ನಿಜ. ಯಾರ ವಸಾಹತೂ ಆಗದ ಜಪಾನಿನಲ್ಲಿ 1872ರಲ್ಲೇ ರೈಲು ಓಡಿತು. ‘ಅವರಿಲ್ಲದಿದ್ದರೆ ಇರುತ್ತಿರಲಿಲ್ಲ’ ಎನ್ನುವವರು ಜಪಾನಿಗೆ ಉತ್ತರ ಕೊಡಬೇಕು.

ಗಡಿಯ ಪ್ರಶ್ನೆಗೆ ಬಂದಾಗ

ಕೊನೆಯ ಎರಡು ವಾರಕ್ಕೆ ಇದನ್ನು ಇಟ್ಟುಕೊಳ್ಳಿ, ಮೊದಲೇ ತೆಗೆದರೆ ಬೇರೆ ಏನೂ ನಡೆಯುವುದಿಲ್ಲ. ಪ್ರಶ್ನೆ: ‘ಕಾಸರಗೋಡು ಕೇರಳಕ್ಕೆ ಸೇರಿದ್ದು ವಸಾಹತುಶಾಹಿಯ ಪರಂಪರೆಯೇ?’

ಹೌದು ಎನ್ನುವವರಿಗೆ ಸಿಗುವ ಸಾಮಗ್ರಿ: ಕೆನರಾವನ್ನು ಮದರಾಸು ಪ್ರಾಂತ್ಯಕ್ಕೆ ಸೇರಿಸಿದ್ದು, 1862ರಲ್ಲಿ ಉತ್ತರ ಕನ್ನಡವನ್ನು ಬೇರ್ಪಡಿಸಿ ಮುಂಬಯಿಗೆ ಕೊಟ್ಟದ್ದು, ಕನ್ನಡಿಗರನ್ನು ಹಲವು ಆಡಳಿತಗಳಲ್ಲಿ ಹಂಚಿಟ್ಟದ್ದು. ಇಲ್ಲ ಎನ್ನುವವರಿಗೆ: ಕಾಸರಗೋಡು ತಾಲೂಕು 1956ರ ಅಕ್ಟೋಬರ್ ಕೊನೆಯ ತನಕ ದಕ್ಷಿಣ ಕನ್ನಡದಲ್ಲೇ ಇತ್ತು. ಅದನ್ನು ಕೇರಳಕ್ಕೆ ಕೊಡಲು 1955ರಲ್ಲಿ ಶಿಫಾರಸು ಮಾಡಿದ್ದು ರಾಜ್ಯಗಳ ಪುನರ್ವಿಂಗಡಣೆಗೆ ಸ್ವತಂತ್ರ ಭಾರತ ನೇಮಿಸಿದ ಫಜಲ್ ಅಲಿ ಆಯೋಗ. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರಬೇಕೆಂದ 1967ರ ಮಹಾಜನ ಆಯೋಗದ ವರದಿ ಜಾರಿಯಾಗದೆ ಉಳಿದದ್ದೂ ಸ್ವತಂತ್ರ ಭಾರತದಲ್ಲೇ. ಕವಿ ಕಯ್ಯಾರ ಕಿಞ್ಞಣ್ಣ ರೈಯವರಂಥವರು ಹೋರಾಡಿದ್ದು ಲಂಡನ್ನಿನ ವಿರುದ್ಧವಲ್ಲ, ತಾವೂ ಓಟು ಹಾಕಿದ ಸರಕಾರಗಳೊಂದಿಗೆ. ನಮ್ಮ ಅಭಿಪ್ರಾಯದಲ್ಲಿ ಇಲ್ಲ ಎನ್ನುವ ಪಕ್ಷದ ಕೈ ಮೇಲಿದೆ. ಹಾಗೆಂದು ನೋವು ಸಣ್ಣದಾಗುವುದಿಲ್ಲ, ಹೊಣೆಗಾರರ ಹೆಸರು ಬದಲಾಗುತ್ತದೆ.

‘ಈಗ ನಮ್ಮ ಮೇಲೆ ನಡೆಯುತ್ತಿರುವುದೂ ವಸಾಹತುಶಾಹಿಯೇ’ ಎಂಬ ಮಾತು ಇದೇ ಜಾಗದಲ್ಲಿ ಏಳುತ್ತದೆ, ಅದರಲ್ಲೂ ಶಾಲೆಗಳಲ್ಲಿ ಮಲಯಾಳ ಕಲಿಕೆ ಕಡ್ಡಾಯ ಮಾಡಿದ 2017ರ ಕಾಯಿದೆಯ ಮಾತು ಬಂದಾಗ. ಆ ಪದವನ್ನು ಪರೀಕ್ಷೆಗೆ ಒಡ್ಡಿ. ವಸಾಹತಿನ ಪ್ರಜೆಗೆ ಆಳುವವರನ್ನು ಇಳಿಸುವ ಓಟಿರಲಿಲ್ಲ, ನಮಗಿದೆ. ಅವನ ಕಂದಾಯ ಸಮುದ್ರ ದಾಟುತ್ತಿತ್ತು. ಅವನಿಗೆ ಮೊರೆಯಿಡಲು ಸಂವಿಧಾನವಿರಲಿಲ್ಲ. ನಮಗೆ ಭಾಷಾ ಅಲ್ಪಸಂಖ್ಯಾತರ ನೆರವಿಗೆ ಬರುವ ಸಂವಿಧಾನದ 29, 30, 347, 350ಎ, 350ಬಿ ವಿಧಿಗಳಿವೆ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರ ಪ್ರಸ್ತಾಪವಿರುವ ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಇದೆ. ‘ವಸಾಹತುಶಾಹಿ’ ಎಂದು ಕೂಗಿದರೆ ಉತ್ತರ ಕೊಡಬೇಕಾದ ಕಚೇರಿ ಯಾವುದೂ ಇಲ್ಲ. ‘350ಎ ವಿಧಿಯ ಪ್ರಕಾರ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಈ ಶಾಲೆಯಲ್ಲಿ ಯಾಕಿಲ್ಲ’ ಎಂದು ಬರೆದು ಕೊಟ್ಟರೆ ಒಬ್ಬ ಅಧಿಕಾರಿ ಕಡತ ತೆರೆಯಲೇಬೇಕು.

ಕೂಟ ಮುಗಿದ ಮೇಲೆ ನೋಟುಪುಸ್ತಕದಲ್ಲಿ ಮೂರು ಸಾಲು ಬರೆದಿಡಿ: ಎರಡೂ ಪಕ್ಷ ಒಪ್ಪಿದ್ದು, ಒಪ್ಪದೆ ಉಳಿದದ್ದು, ಯಾವ ಕಾಗದ ಸಿಕ್ಕರೆ ಒಪ್ಪಬಹುದಾದ್ದು. ಮೂರನೆಯ ಸಾಲಿನ ಕಾಗದ ಹುಡುಕಲು ಒಬ್ಬರ ಹೆಸರನ್ನೂ ದಿನಾಂಕವನ್ನೂ ಅಲ್ಲೇ ನಮೂದಿಸಿ. ದಕ್ಷಿಣ ಕನ್ನಡದ ಮದರಾಸು ಕಾಲದ ದಾಖಲೆಗಳಿಗೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರಕ್ಕೆ ಬರೆಯಬೇಕಾಗುತ್ತದೆ. ಮನೆಯ ಅಟ್ಟದ ಪೆಟ್ಟಿಗೆಯನ್ನು ಅದಕ್ಕೂ ಮೊದಲು ತೆರೆದು ನೋಡಿ.